ಸೈತಾನ ಕೇಳ್ತಾನೆ, ಮಾಡೋದು ನಾವು: ಕ್ರೈಸ್ತ ನಂಬಿಕೆಯ ಸೈತಾನನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಜ್ಞಾನೋಪದೇಶದ ತರಗತಿ ತೆಗೆದುಕೊಳ್ಳುತ್ತೇನೆ. ದೇವರ ಬಗ್ಗೆ ಕೇಳುವುದಕ್ಕಿಂತ ಜಾಸ್ತಿ ಪ್ರಶ್ನೆ ಬರುವುದು ಸೈತಾನನ ಬಗ್ಗೆ. ಮಕ್ಕಳಷ್ಟೇ ಅಲ್ಲ, ಟೀ ಅಂಗಡಿಯಲ್ಲಿ ಸಿಗುವ ಹಿಂದೂ, ಮುಸ್ಲಿಂ ಗೆಳೆಯರೂ ಕೇಳುತ್ತಾರೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳೋದು ಅಂತ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಕಥೋಲಿಕ. ಹಾಗಾಗಿ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ಸೈತಾನ ಅಂದರೆ ನಮ್ಮ ಊರಿನ ದೆವ್ವವೇನಾ?

ಅಲ್ಲ. ನಮ್ಮ ಕಡೆ ದೆವ್ವ ಅಂದರೆ ಸತ್ತವರ ಆತ್ಮ. ಆಸೆ ತೀರದೆ ಹೋದವರು, ಅಕಾಲದಲ್ಲಿ ಹೋದವರು ಹುಣಸೆಮರದಲ್ಲಿ ಕೂತಿರುತ್ತಾರೆ ಅನ್ನುವ ಮಾತು. ಕ್ರೈಸ್ತ ನಂಬಿಕೆಯ ಸೈತಾನ ಯಾವತ್ತೂ ಮನುಷ್ಯನಾಗಿರಲಿಲ್ಲ. ಅವನು ದೇವರು ಸೃಷ್ಟಿಸಿದ ದೂತ, ಆಮೇಲೆ ತಿರುಗಿ ಬಿದ್ದವನು. ಕನ್ನಡ ಬೈಬಲ್‌ನಲ್ಲಿ ಸೈತಾನ, ಪಿಶಾಚಿ, ದೆವ್ವ ಮೂರೂ ಮಾತು ಬರುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಇದಕ್ಕಿಂತ ದೊಡ್ಡ ಗೊಂದಲ ಭೂತದ್ದು. ಮಲೆನಾಡಿನಲ್ಲಿ ಚೌಡಿ, ಭೂತ ಅಂದರೆ ತೋಟದ ಗಡಿ ಕಾಯುವವರು. ಹೆದರಿಕೆ ಉಂಟು, ಹಾಗೇ ಗೌರವವೂ ಉಂಟು. 19ನೇ ಶತಮಾನದ ಮಿಶನರಿಗಳು, ಬ್ರಿಟಿಷ್ ಅಧಿಕಾರಿಗಳು ಇದನ್ನೆಲ್ಲ ಸಾರಾಸಗಟಾಗಿ 'ಸೈತಾನ ಪೂಜೆ' ಅಂತ ಬರೆದುಬಿಟ್ಟರು. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು (ಭೂತಗಳ ಕಥೆ ಹೇಳುವ ಹಾಡುಗಳನ್ನು) ಕಷ್ಟಪಟ್ಟು ಸಂಗ್ರಹಿಸಿದ ಎ. ಸಿ. ಬರ್ನೆಲ್ ಅವರಂಥ ವಿದ್ವಾಂಸರೂ ಅದೇ ಹೆಸರಿಟ್ಟರು. ನನ್ನ ಪ್ರಕಾರ ಅದು ತಪ್ಪು ಅನುವಾದ, ಅನ್ಯಾಯವೂ ಹೌದು. ಚೌಡಿ ಯಾರಿಗೂ 'ಸುಳ್ಳು ಹೇಳು' ಅಂತ ಕಿವಿಯೂದಿದ ಕಥೆ ನಾನು ಕೇಳಿಲ್ಲ. ಸೈತಾನನ ಕಸುಬೇ ಅದು.

ಹಾಗಾದರೆ ಅವನನ್ನು ಯಾರು ಮಾಡಿದರು? ದೇವರೇ ಕೆಟ್ಟವನನ್ನು ಮಾಡಿದನಾ?

1215ರಲ್ಲಿ ರೋಮಿನ ಲ್ಯಾಟರನ್‌ನಲ್ಲಿ ನಡೆದ ಚರ್ಚಿನ ಮಹಾಸಭೆ ಇದಕ್ಕೆ ಉತ್ತರ ಕೊಟ್ಟಿದೆ. ದೇವರು ಅವನನ್ನು ಒಳ್ಳೆಯವನಾಗಿಯೇ ಮಾಡಿದ, ಅವನು ಕೆಟ್ಟದ್ದು ತನ್ನಿಂದ ತಾನೇ. ಅಂದರೆ ದೇವರಿಗೆ ಸಮನಾದ ಇನ್ನೊಂದು ಕಪ್ಪು ದೇವರಿಲ್ಲ. ಒಳ್ಳೆಯದಕ್ಕೊಬ್ಬ, ಕೆಟ್ಟದ್ದಕ್ಕೊಬ್ಬ ಅನ್ನುವ ಲೆಕ್ಕವನ್ನು ಚರ್ಚ್ ಒಪ್ಪುವುದಿಲ್ಲ.

ಸಂತ ಅಗಸ್ಟೀನ್ ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಆ ಇಬ್ಬರ ಲೆಕ್ಕವನ್ನೇ ನಂಬಿದ್ದರು. ಮಾನಿ ಅನ್ನುವವನ ಪಂಥ ಅದು. ಆಮೇಲೆ ಅದನ್ನು ಬಿಟ್ಟು ಹೊರಬಂದು, ಕೆಡುಕು ಅನ್ನುವುದು ತಾನಾಗಿ ಇರುವ ವಸ್ತುವೇ ಅಲ್ಲ, ಒಳ್ಳೆಯದರ ಕೊರತೆ ಅಂದರು. ನಮ್ಮ ಕಡೆಯವರಿಗೆ ಬೋರರ್ ಹುಳ ಕೊರೆದ ಕಾಫಿ ಬೀಜ ತೋರಿಸಿದರೆ ಸಾಕು, ಅರ್ಥವಾಗುತ್ತದೆ. ಬೀಜ ಇದ್ದರೆ ತಾನೇ ತೂತು? ಬರೀ ತೂತನ್ನು ಯಾರೂ ಬುಟ್ಟಿಯಲ್ಲಿ ತುಂಬಿಕೊಂಡು ಬರಲು ಆಗಲ್ಲ.

ಬೈಬಲ್‌ನಲ್ಲಿ ಮೊದಲಿಂದಲೂ ಅವನು ಹೀಗೇ ಇದ್ದಾನಾ?

ಇಲ್ಲ. ಹೀಬ್ರೂ ಭಾಷೆಯಲ್ಲಿ 'ಸಾತಾನ್' ಅಂದರೆ ಎದುರು ನಿಲ್ಲುವವನು, ಆಪಾದನೆ ಹೊರಿಸುವವನು. ಮೊದಲಿಗೆ ಅದು ಹೆಸರೇ ಅಲ್ಲ, ಒಂದು ಕೆಲಸದ ಮಾತು. ಬಿಳಾಮನ ಕತ್ತೆಯ ಕಥೆಯಲ್ಲಿ ದಾರಿಗೆ ಅಡ್ಡ ನಿಂತ ದೇವದೂತನಿಗೂ ಇದೇ ಮಾತು ಬಳಸಿದ್ದಾರೆ! ದೇವಭಕ್ತ ಯೋಬನ ಕಥೆಯಲ್ಲಿ ಅವನು ದೇವರ ಸಭೆಗೇ ಬಂದು ನಿಲ್ಲುವ ಸರ್ಕಾರಿ ವಕೀಲನ ಹಾಗೆ. 'ಯೋಬ ಸುಮ್ನೆ ಭಕ್ತಿ ಮಾಡ್ತಾನಾ? ಎಲ್ಲ ಕೊಟ್ಟಿದ್ದೀಯ, ಅದಕ್ಕೇ ಮಾಡ್ತಾನೆ' ಅನ್ನುವುದು ಅವನ ವಾದ. ಕೇಳಲೇಬೇಕಾದ ಪ್ರಶ್ನೆಯೇ ಅಲ್ವಾ? ಅನುಮತಿ ಇಲ್ಲದೆ ಅವನು ಯೋಬನ ಒಂದು ಕುರಿಯನ್ನೂ ಮುಟ್ಟುವ ಹಾಗಿಲ್ಲ.

ಇನ್ನೊಂದು ಸೋಜಿಗ. ರಾಜ ದಾವೀದ ಜನಗಣತಿ ಮಾಡಿಸಿ ತಪ್ಪು ಮಾಡಿದ ಪ್ರಸಂಗ ಬೈಬಲ್‌ನಲ್ಲಿ ಎರಡು ಕಡೆ ಇದೆ. ಸಮುವೇಲನ ಎರಡನೆಯ ಗ್ರಂಥದಲ್ಲಿ ಅವನನ್ನು ಪ್ರೇರೇಪಿಸಿದ್ದು ದೇವರ ಕೋಪ. ನಂತರದ ಕಾಲದ ಪೂರ್ವಕಾಲವೃತ್ತಾಂತದಲ್ಲಿ ಅದೇ ಕೆಲಸ ಸೈತಾನನದು. ನಡುವಿನ ಕಾಲದಲ್ಲಿ ಜನರ ಯೋಚನೆ ಬದಲಾಗಿದೆ. ಬೈಬಲ್‌ನ ಮೊದಲ ಗ್ರಂಥ ಆದಿಕಾಂಡದಲ್ಲಿ, ಮೊದಲ ಮನುಷ್ಯರಾದ ಆದಾಮ, ಹವ್ವ ಬೇಡವೆಂದ ಹಣ್ಣು ತಿನ್ನುವ ಹಾಗೆ ಮಾಡಿದ ಸರ್ಪಕ್ಕೂ ಅಲ್ಲಿ ಸೈತಾನ ಅನ್ನುವ ಹೆಸರಿಲ್ಲ. ಆ ನಂಟು ಬಾಯಿಬಿಟ್ಟು ಹೇಳುವುದು ಬೈಬಲ್‌ನ ಕೊನೆಯ ಗ್ರಂಥ, ಪ್ರಕಟನೆ.

ಅವನ ಕೆಲಸ ನಿಜವಾಗಿ ಏನು?

ಕೇಳುವುದು. ಬೇಡುವುದಲ್ಲ, ಪ್ರಶ್ನೆ ಹಾಕುವುದು. ಏದೆನ್ ತೋಟದಲ್ಲಿ ಹವ್ವಳಿಗೆ ಸರ್ಪದ ಮೊದಲ ಮಾತೇ ಪ್ರಶ್ನೆ: 'ಹೌದಾ, ದೇವರು ಹಾಗಂದನಾ?' ಅಡವಿಯಲ್ಲಿ 40 ದಿನ ಉಪವಾಸವಿದ್ದ ಯೇಸುವಿನ ಹತ್ತಿರ ಬಂದಾಗಲೂ ಅವನು ಕತ್ತಿ ತರಲಿಲ್ಲ. 'ಹಸಿದಿದ್ದೀಯ, ಈ ಕಲ್ಲನ್ನು ರೊಟ್ಟಿ ಮಾಡ್ಕೊ' ಅಂದ. ಹಸಿದವನು ಉಣ್ಣುವುದರಲ್ಲಿ ಏನು ತಪ್ಪು? ಅದೇ ಅವನ ಜಾಣತನ. ಆಮೇಲೆ ದೇವಾಲಯದ ತುದಿಗೆ ಕರೆದೊಯ್ದು, ಧುಮುಕು ಅಂತ ಹೇಳಿ, 91ನೇ ಕೀರ್ತನೆಯ ಸಾಲುಗಳನ್ನೇ ಬಾಯಿಪಾಠ ಒಪ್ಪಿಸಿದ. ಬೈಬಲ್ ಅವನಿಗೆ ಚೆನ್ನಾಗಿ ಗೊತ್ತು. ಯಾರಾದರೂ ವಚನ ಉದುರಿಸಿದ ಕೂಡಲೇ ನಂಬಬೇಡಿ ಅಂತ ಮಕ್ಕಳಿಗೆ ಹೇಳುವುದು ಇದಕ್ಕೇ.

ನನ್ನದೇ ಒಂದು ಕಥೆ ಹೇಳುತ್ತೇನೆ. ಹಿಂದೆ ಸಕಲೇಶಪುರದ ಕಡೆ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಕಾಫಿ ಕುಯ್ಲಿನ ಕಾಲ. ಸಂಜೆ ಕಣದ ಹತ್ತಿರ ತೂಕ, ಕೂಲಿ ಆ ತೂಕದ ಮೇಲೆ. ಹೆಂಗಸರು ಚೀಲ ಹೊತ್ತು ಸಾಲಾಗಿ ನಿಲ್ಲುತ್ತಿದ್ದರು. ಬೆರಳೆಲ್ಲ ಅಂಟು, ಕಪ್ಪು. ಚೀಲದ ತೂಕ ಅಂತ ಒಂದು ಕೆ.ಜಿ. ಕಳೆದು ಬರೆಯುವುದು ವಾಡಿಕೆ. ಒಂದು ದಿನ ಮಂಜು ಜಾಸ್ತಿ ಇತ್ತು, ಚೀಲ ಒದ್ದೆ. 'ಇನ್ನೊಂದು ಅರ್ಧ ಕಳಿ, ನೀರಿನ ತೂಕ ತಾನೇ' ಅನ್ನಿಸಿತು. ಕಳೆದೆ. ಅದರಲ್ಲಿ ತಪ್ಪಿಲ್ಲ, ನ್ಯಾಯವೇ. ಮರುದಿನ ಬಿಸಿಲಿತ್ತು, ಚೀಲ ಒಣಗಿತ್ತು. ಕೈ ಮಾತ್ರ ಒಂದೂವರೆ ಕಳೆದೇ ಬರೆಯಿತು. ಮಾಲೀಕರು ಹಾಗೆ ಮಾಡು ಅಂದಿರಲಿಲ್ಲ. ನನ್ನ ಜೇಬಿಗೆ ಒಂದು ರೂಪಾಯಿ ಬರುತ್ತಿರಲಿಲ್ಲ. 'ಹುಡುಗ ಲೆಕ್ಕ ಟೈಟಾಗಿ ಇಡ್ತಾನೆ' ಅನ್ನುವ ಹೆಸರು ಬೇಕಿತ್ತು, ಅಷ್ಟೇ. ಹನ್ನೊಂದು ದಿನ ನಡೆಯಿತು. ಓದಲು ಬಾರದ ಒಬ್ಬಾಕೆ ನನ್ನ ಪುಸ್ತಕದ ಕಡೆ ನೋಡಿ 'ಅಣ್ಣಾ, ಸರಿಯಾಗಿ ಬರ್ದ್ರಾ?' ಅಂದಳು. 'ಬರ್ದೆ' ಅಂದೆ.

ಯಾವ ಹೊತ್ತಿನಲ್ಲೂ 'ಕದಿ' ಅನ್ನುವ ಮಾತು ನನ್ನ ಕಿವಿಗೆ ಬೀಳಲಿಲ್ಲ. 'ನೀರಿನ ತೂಕ ತಾನೇ' ಅಂತ ಮಾತ್ರ ಕೇಳಿಸಿತ್ತು.

ಹಾಗಾದರೆ ತಪ್ಪು ನಿಮ್ಮದಲ್ಲ, ಸೈತಾನನದು ಅಂತಾಯ್ತು. ಅನುಕೂಲವಾಯ್ತಲ್ಲ?

ನಾನೂ ಹಾಗೇ ಅಂದುಕೊಂಡಿದ್ದೆ. ಆ ವರ್ಷ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಚರ್ಚಿನ ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಹೋದಾಗ, 'ಸೈತಾನ ನನ್ನ ಕೈಯಲ್ಲಿ...' ಅಂತ ಶುರು ಮಾಡಿದೆ. ಗುರುಗಳು ಅಲ್ಲಿಗೇ ತಡೆದರು. 'ಒಟ್ಟು ಎಷ್ಟು ಕೆ.ಜಿ. ಆಯ್ತು?' ಅಂದರು. ಲೆಕ್ಕ ಹಾಕಿರಲಿಲ್ಲ. ಹಾಕಿಕೊಂಡು ಬಾ ಅಂದರು. (ಪಾಪನಿವೇದನೆಯ ಗುಟ್ಟು ಗುರುಗಳು ಬಿಡುವ ಹಾಗಿಲ್ಲ. ನಾನು ಹೇಳಿಕೊಳ್ಳಬಹುದು.)

ಆದಿಕಾಂಡದ ಮೂರನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಆದಾಮ ಹವ್ವಳ ಕಡೆ ಬೆರಳು ತೋರಿಸುತ್ತಾನೆ, ಹವ್ವ ಸರ್ಪದ ಕಡೆ. ದೇವರು ಆದಾಮನನ್ನು ಪ್ರಶ್ನೆ ಕೇಳುತ್ತಾನೆ, ಹವ್ವಳನ್ನೂ ಕೇಳುತ್ತಾನೆ. ಸರ್ಪವನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ನೇರ ಶಾಪ. ಉತ್ತರ ಕೊಡಬೇಕಾದವರು ಮನುಷ್ಯರು ಮಾತ್ರ. ಯಾಕೋಬನ ಪತ್ರವೂ ಇದನ್ನೇ ಹೇಳುತ್ತದೆ: ಪ್ರತಿಯೊಬ್ಬನನ್ನು ಎಳೆಯುವುದು ಅವನವನ ಆಸೆ. 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸ್ 'ಎಲ್ಲ ಪಾಪಕ್ಕೂ ಸೈತಾನನ ಪ್ರಲೋಭನೆಯೇ ಕಾರಣವಾ?' ಅಂತ ಪ್ರಶ್ನೆ ಹಾಕಿಕೊಂಡು 'ಇಲ್ಲ' ಅಂತಲೇ ಉತ್ತರಿಸಿದರು. ಅವನ ಸಹಾಯವೇ ಇಲ್ಲದೆ ನಾವು ಎಷ್ಟೋ ಪಾಪ ಮಾಡಬಲ್ಲೆವು. ಆ ಮಟ್ಟಿಗೆ ನಾವು ಸ್ವಾವಲಂಬಿಗಳು.

ಹಾಗಿದ್ದರೆ ಅವನು ಯಾಕೆ ಬೇಕು? ಮನಸ್ಸಿನ ಆಸೆ ಅಂದರೆ ಸಾಲದಾ?

ಇದು ಒಳ್ಳೆಯ ಪ್ರಶ್ನೆ. ಒಂಬತ್ತನೇ ತರಗತಿಯ ಹುಡುಗಿ ಕೇಳಿದ್ದು.

ನನಗೆ ತಿಳಿದ ಮಟ್ಟಿಗೆ ಹೀಗೆ: ಕೆಟ್ಟ ಯೋಚನೆ ಬಂದ ಕೂಡಲೇ 'ನಾನೇ ಕೆಟ್ಟವನು' ಅಂದುಕೊಂಡರೆ ಮನುಷ್ಯ ಕುಸಿಯುತ್ತಾನೆ. ಅದು ಹೊರಗಿಂದ ಬಂದ ಮಾತು ಅಂತ ಗೊತ್ತಾದರೆ ಅದಕ್ಕೆ ಎದುರುತ್ತರ ಕೊಡಬಹುದು. ಸೈತಾನ ಇದ್ದಾನೆ ಅನ್ನುವ ನಂಬಿಕೆ ಪಾಪದ ಹೊರೆ ಇಳಿಸುವುದಕ್ಕಲ್ಲ, ಯೋಚನೆ ಮತ್ತು ಕೆಲಸದ ನಡುವೆ ಒಂದು ಬಾಗಿಲು ಇದೆ ಅಂತ ತೋರಿಸುವುದಕ್ಕೆ. ಬಾಗಿಲು ತಟ್ಟಿದ್ದು ಪಾಪವಲ್ಲ. ಚಿಲಕ ಒಳಗಡೆ ಇದೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದವರು ಲೊಯೋಲದ ಸಂತ ಇಗ್ನೇಷಿಯಸ್. ಮೂಲತಃ ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿಯಿತು. ಮಲಗಿದಲ್ಲೇ ತನ್ನ ಮನಸ್ಸಿನಲ್ಲಿ ಓಡುವ ಯೋಚನೆಗಳನ್ನು ಗಮನಿಸತೊಡಗಿದರು. ಶತ್ರು ಕೋಟೆಯ ಸುತ್ತ ತಿರುಗಿ ಎಲ್ಲಿ ಗೋಡೆ ಸಡಿಲವೋ ಅಲ್ಲೇ ನುಗ್ಗುತ್ತಾನೆ ಅಂತ ಅವರು ಬರೆದರು. ನಮ್ಮ ಆಲೂರು, ಸಕಲೇಶಪುರದ ಕಡೆ ಇದನ್ನು ಆನೆ ತೋರಿಸಿಕೊಡುತ್ತದೆ. ಸೋಲಾರ್ ಬೇಲಿಗೆ ಅದು ನೇರ ಎದೆ ಕೊಡಲ್ಲ. ಉದ್ದಕ್ಕೂ ನಡೆದು ನೋಡುತ್ತದೆ. ಶಾಕ್ ಹೊಡೆಯದ ಮರದ ಕಂಬ ಸಿಕ್ಕಿತೋ, ಅದನ್ನೇ ತಳ್ಳುತ್ತದೆ. ನನ್ನ ಮರದ ಕಂಬ 'ಒಳ್ಳೆ ಹೆಸರು'. ನಿಮ್ಮದು ಯಾವುದು ಅಂತ ನಿಮಗೇ ಗೊತ್ತಿರುತ್ತೆ.

ಇಗ್ನೇಷಿಯಸ್ ಹೇಳಿದ ಇನ್ನೊಂದು ಮಾತು ಇನ್ನೂ ಉಪಯೋಗದ್ದು. ಸೈತಾನನ ದೊಡ್ಡ ಆಸೆ ಗುಟ್ಟು. 'ಯಾರಿಗೂ ಹೇಳ್ಬೇಡ' ಅನ್ನುವ ಕಳ್ಳ ಪ್ರೇಮಿಯ ಹಾಗೆ. ನಂಬಿಕಸ್ಥರೊಬ್ಬರ ಹತ್ತಿರ ಬಾಯಿಬಿಟ್ಟರೆ ಅವನ ಅರ್ಧ ಆಟ ಮುಗಿಯಿತು.

ತಪ್ಪು ಮಾಡಿದ ಮೇಲೆ ಅವನು ಹೊರಟುಹೋಗುತ್ತಾನಾ?

ಎಲ್ಲಿ ಹೋಗ್ತಾನೆ. ಆಗಲೇ ಅವನ ಹಳೆಯ ಕೆಲಸ, ಆಪಾದನೆ, ಶುರು. ಮಾಡುವ ಮುಂಚೆ 'ಇದೇನು ಮಹಾ' ಅಂದವನು, ಮಾಡಿದ ಮೇಲೆ 'ನಿನ್ನ ಕಥೆ ಮುಗೀತು' ಅನ್ನುತ್ತಾನೆ. ಯೇಸು ಸೆರೆಯಾದ ರಾತ್ರಿ ಇಬ್ಬರು ಶಿಷ್ಯರು ಕೆಟ್ಟರು. ಯೂದ 30 ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ. ಪೇತ್ರ ಕೋಳಿ ಕೂಗುವುದರೊಳಗೆ ಮೂರು ಸಲ 'ಅವನು ಯಾರೋ ನನಗೆ ಗೊತ್ತಿಲ್ಲ' ಅಂದ. ಯೂದನೂ ಪಶ್ಚಾತ್ತಾಪಪಟ್ಟ, ಹಣವನ್ನು ವಾಪಸ್ ಎಸೆದ ಅಂತ ಶುಭಸಂದೇಶ ಬರೆದ ಮತ್ತಾಯನೇ ಹೇಳಿದ್ದಾನೆ. ಆದರೆ ಅವನು 'ಮುಗೀತು' ಅನ್ನುವ ಮಾತನ್ನು ನಂಬಿ ನೇಣು ಹಾಕಿಕೊಂಡ. ಪೇತ್ರ ಅತ್ತ, ಆಮೇಲೆ ಉಳಿದವರ ಜೊತೆ ಹೋಗಿ ಸೇರಿಕೊಂಡ.

ಯಮ, ಕಲಿ, ಶನಿ ಇವರಲ್ಲಿ ಯಾರಿಗಾದರೂ ಹೋಲಿಸಬಹುದಾ?

ಯಮನಿಗೆ ಖಂಡಿತ ಬೇಡ. ಯಮ ಧರ್ಮರಾಯ, ನ್ಯಾಯ ಮಾಡುವವನು. ಸೈತಾನ ನರಕದ ಯಜಮಾನನೂ ಅಲ್ಲ. ಮತ್ತಾಯನ ಶುಭಸಂದೇಶದ ಪ್ರಕಾರ ಆ ಬೆಂಕಿ ಸಿದ್ಧವಾಗಿರುವುದೇ ಅವನಿಗೂ ಅವನ ದೂತರಿಗೂ. ಅಲ್ಲಿ ಅವನು ಜೈಲರ್ ಅಲ್ಲ, ಕೈದಿ. ಶನಿ ಗ್ರಹ, ಕಾಡಿದರೂ ಕರ್ಮದ ಲೆಕ್ಕಕ್ಕೆ. ಸ್ವಲ್ಪ ಹತ್ತಿರ ಬರುವವನು ನಳನ ಕಥೆಯ ಕಲಿ. ಹೊಟ್ಟೆಕಿಚ್ಚಿನಿಂದ 12 ವರ್ಷ ಕಾದು, ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತ ದಿನ ಒಳಹೊಕ್ಕ. ಕಾಯುವುದು, ಸಣ್ಣ ಸಂದಿ ಹುಡುಕುವುದು, ಇಬ್ಬರಿಗೂ ಒಂದೇ ಬುದ್ಧಿ. ಆದರೆ ಕಲಿ ಹೊಕ್ಕ ನಳ ಪಗಡೆಯಲ್ಲಿ ತನ್ನ ವಶದಲ್ಲಿರಲಿಲ್ಲ. ಕ್ರೈಸ್ತರಲ್ಲಿ ಆ ರಿಯಾಯಿತಿ ಇಲ್ಲ.

ಲೂಸಿಫರ್ ಅಂದರೆ ಸೈತಾನನ ನಿಜವಾದ ಹೆಸರಾ?

ಬೆಳಗಿನ ಬೆಳ್ಳಿ ಚುಕ್ಕಿಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರು ಅದು. ಪ್ರವಾದಿ ಯೆಶಾಯನ ಗ್ರಂಥದ 14ನೇ ಅಧ್ಯಾಯದಲ್ಲಿ ಬಾಬಿಲೋನಿನ ರಾಜನನ್ನು ಅಣಕಿಸುತ್ತಾ 'ಬೆಳ್ಳಿಯೇ, ಆಕಾಶದಿಂದ ಹೇಗೆ ಬಿದ್ದೆ!' ಅನ್ನುವ ಮಾತಿದೆ. ಲ್ಯಾಟಿನ್ ಬೈಬಲ್‌ನಲ್ಲಿ ಅದು ಲೂಸಿಫರ್ ಆಯಿತು. ಸೊಕ್ಕಿ ಬಿದ್ದ ರಾಜನ ಕಥೆಯನ್ನು ಸೊಕ್ಕಿ ಬಿದ್ದ ದೂತನಿಗೆ ಸೇರಿಸಿ ಓದುವುದು ಆಮೇಲೆ ರೂಢಿಯಾಯಿತು. ತಮಾಷೆ ಅಂದರೆ, ಪಾಸ್ಕ ಜಾಗರಣೆಯ ರಾತ್ರಿ ದೊಡ್ಡ ಮೇಣದ ಬತ್ತಿಯ ಮುಂದೆ ಹಾಡುವ ಲ್ಯಾಟಿನ್ ಸ್ತೋತ್ರದಲ್ಲಿ ಲೂಸಿಫರ್ ಅಂದರೆ ಯೇಸುವೇ, ಮುಳುಗದ ಬೆಳ್ಳಿ.

ಕೊಂಬು, ಬಾಲ, ಕೆಂಪು ಬಣ್ಣ?

ಚಿತ್ರಕಾರರ ಕೊಡುಗೆ. ಬೈಬಲ್‌ನ ಪತ್ರಗಳಲ್ಲಿ ಸಂತ ಪೌಲ ಬರೆದದ್ದು ಇದಕ್ಕೆ ಉಲ್ಟಾ: ಅವನು ಬೆಳಕಿನ ದೂತನ ವೇಷದಲ್ಲಿ ಬರುತ್ತಾನೆ.

666?

ಅದು ಸೈತಾನನ ನಂಬರ್ ಅಲ್ಲ, ಪ್ರಕಟನೆ ಗ್ರಂಥದ ಮೃಗದ ಸಂಖ್ಯೆ. ಕ್ರೈಸ್ತರನ್ನು ಕೊಲ್ಲಿಸಿದ ರೋಮ್ ಚಕ್ರವರ್ತಿ ನೀರೋನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು, ಆ ಅಕ್ಷರಗಳಿಗಿರುವ ಸಂಖ್ಯೆಗಳನ್ನು ಕೂಡಿಸಿದರೆ 666 ಬರುತ್ತದೆ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಕೆಲವು ಹಳೆಯ ಪ್ರತಿಗಳಲ್ಲಿ 616 ಇದೆ. ಬೈಕಿಗೆ ಆ ನಂಬರ್ ಬಂದರೆ ಧೈರ್ಯವಾಗಿ ಓಡಿಸಿ, ಹೆಲ್ಮೆಟ್ ಹಾಕಿಕೊಳ್ಳಿ.

ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಮುಳುಗು ಚರ್ಚಿನಲ್ಲಿ ದೆವ್ವ ಇದೆಯಂತೆ, ಹೌದಾ?

ಇಲ್ಲ ಮಾರಾಯ್ರೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಶನರಿಗಳು ಕಟ್ಟಿಸಿದ ಜಪಸರ ಮಾತೆಯ ದೇವಾಲಯ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರು ಸುತ್ತಿಕೊಂಡಿತು, ಜನ ಮನೆ ಬಿಟ್ಟು ಹೋದರು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದಾಡಬಹುದು. ಚಾವಣಿ ಇಲ್ಲ, ಗೋಡೆ ತುಂಬ ಪಾರಿವಾಳ, ಪ್ರೇಮಿಗಳ ಹೆಸರು. ರೀಲ್ಸ್ ಮಾಡುವವರು ಹಿನ್ನೆಲೆಗೆ ಹೆದರಿಸುವ ಸಂಗೀತ ಹಾಕುತ್ತಾರೆ. ಸೈತಾನನಿಗೆ ಖಾಲಿ ಕಟ್ಟಡದಲ್ಲಿ ಏನು ಕೆಲಸ? ಹೌದು, ಇಲ್ಲ ಅನ್ನಬಲ್ಲ ಮನುಷ್ಯ ಇದ್ದ ಕಡೆ ಅವನ ಅಂಗಡಿ. ಅಲ್ಲಿ ಹುಷಾರಾಗಿರಬೇಕಾದ್ದು ಕೆಸರಿಗೆ.

ಮನೆಯಲ್ಲಿ ಒಬ್ಬರು ವಿಚಿತ್ರವಾಗಿ ಆಡುತ್ತಿದ್ದಾರೆ. ಸೈತಾನ ಹಿಡಿದಿರಬಹುದಾ? ಫಾದರ್ ಬಿಡಿಸುತ್ತಾರಾ?

ಮೊದಲು ಡಾಕ್ಟರ್. ಇದನ್ನು ಚರ್ಚೇ ಹೇಳುತ್ತದೆ. ಕಥೋಲಿಕ ಕಾನೂನಿನ ಪ್ರಕಾರ ಧರ್ಮಾಧ್ಯಕ್ಷರ (ಬಿಷಪ್ಪರ) ಸ್ಪಷ್ಟ ಅನುಮತಿ ಇಲ್ಲದೆ ಯಾವ ಗುರುವೂ ದೆವ್ವ ಬಿಡಿಸುವ ವಿಧಿ ನಡೆಸುವ ಹಾಗಿಲ್ಲ. ನಮ್ಮ ಹಾಸನಕ್ಕಾದರೆ ಚಿಕ್ಕಮಗಳೂರಿನ ಧರ್ಮಾಧ್ಯಕ್ಷರು ಕೊಡಬೇಕು. 1963ರಲ್ಲಿ ಮೈಸೂರಿನಿಂದ ಬೇರೆಯಾದಾಗಿಂದ ನಾವು ಆ ಧರ್ಮಕ್ಷೇತ್ರಕ್ಕೆ ಸೇರಿದವರು. 1999ರಲ್ಲಿ ಹೊರಬಂದ ಹೊಸ ವಿಧಿ ಪುಸ್ತಕದಲ್ಲೂ ಕಾಯಿಲೆಯನ್ನು ಸೈತಾನನ ಕಾಟ ಅಂದುಕೊಳ್ಳಬೇಡಿ ಅನ್ನುವ ಎಚ್ಚರಿಕೆ ಇದೆ.

ಎಚ್ಚರಿಕೆಗೆ ಕಾರಣವೂ ಇದೆ. 1976ರಲ್ಲಿ ಜರ್ಮನಿಯಲ್ಲಿ 23 ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಅಪಸ್ಮಾರಕ್ಕೆ ಚಿಕಿತ್ಸೆ ಪಡೆದಿದ್ದವಳು. 67 ಸಲ ದೆವ್ವ ಬಿಡಿಸುವ ವಿಧಿ ನಡೆದಿತ್ತು, ಊಟ ಬಿಟ್ಟು ಸೊರಗಿದ್ದಳು. ತಂದೆತಾಯಿಗೂ ಇಬ್ಬರು ಗುರುಗಳಿಗೂ ಕೋರ್ಟು ಶಿಕ್ಷೆ ಕೊಟ್ಟಿತು. ನಮ್ಮ ರಾಜ್ಯದಲ್ಲೂ 2020ರಿಂದ ವಾಮಾಚಾರ ತಡೆ ಕಾನೂನು ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅಪರಾಧ. ಟೆಲಿ ಮಾನಸ್ ಸಹಾಯವಾಣಿ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾರ್ಥನೆ ಮಾಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಪ್ರಾರ್ಥನೆ ಮಾಡಿಸಿ, ಮಾತ್ರೆ ಬಿಡಿಸಬೇಡಿ.

ಬೇರೆ ಧರ್ಮದವರು ಸೈತಾನನ ಕಡೆಯವರು ಅಂತ ಯಾರೋ ಪ್ರವಚನದಲ್ಲಿ ಹೇಳಿದರು. ನಿಮ್ಮ ನಂಬಿಕೆ ಹಾಗೆ ಹೇಳುತ್ತಾ?

ಹೇಳಬಾರದು. ಹಾಗೆ ಹೇಳಿದ ಇತಿಹಾಸ ಇದೆ, ಅದನ್ನು ಮುಚ್ಚಿಡುವುದಿಲ್ಲ. ಯೊವಾನ್ನನ ಶುಭಸಂದೇಶದಲ್ಲಿ ಯೇಸು ಎದುರಾಳಿಗಳಿಗೆ 'ನಿಮ್ಮ ಅಪ್ಪ ಸೈತಾನ' ಅನ್ನುವ ಒಂದು ಮಾತಿದೆ. ಯೆಹೂದ್ಯರನ್ನು ಹಿಂಸಿಸಲು ಶತಮಾನಗಟ್ಟಲೆ ಅದನ್ನೇ ಹಿಡಿದುಕೊಂಡರು. 1692ರಲ್ಲಿ ಅಮೆರಿಕದ ಸೇಲಂ ಊರಲ್ಲಿ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ ಅಂತ 19 ಜನರನ್ನು ಗಲ್ಲಿಗೇರಿಸಿದರು. ಐದು ವರ್ಷ ಬಿಟ್ಟು ಆ ನ್ಯಾಯಾಧೀಶರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಸಿವಾಲ್ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ತಪ್ಪೊಪ್ಪಿಕೊಂಡರು.

ಯೇಸು ಮುಖ ನೋಡಿ 'ಸೈತಾನನೇ, ನನ್ನ ಹಿಂದಕ್ಕೆ ಹೋಗು' ಅಂದದ್ದು ಯಾರಿಗೆ ಗೊತ್ತಾ? ಪರಧರ್ಮದವರಿಗಲ್ಲ. ತನ್ನ ಮುಖ್ಯ ಶಿಷ್ಯ ಪೇತ್ರನಿಗೆ. ಅದೂ ಪೇತ್ರ 'ನಿಮಗೆ ಕಷ್ಟ ಬಾರದಿರಲಿ' ಅಂತ ಪ್ರೀತಿಯಿಂದ ಹೇಳಿದಾಗ.

ಕ್ರೈಸ್ತರೆಲ್ಲ ಅವನನ್ನು ಒಂದೇ ಥರ ನಂಬುತ್ತಾರಾ?

ಇಲ್ಲ. ಪೆಂತೆಕೋಸ್ತ್ ಸಭೆಗಳಲ್ಲಿ ಅವನ ಮಾತು ಜಾಸ್ತಿ. ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ) ಗೆಳೆಯರಲ್ಲಿ ಕೆಲವರು ಅವನನ್ನು ವ್ಯಕ್ತಿ ಅನ್ನುವುದಕ್ಕಿಂತ ಕೆಡುಕಿನ ಶಕ್ತಿ ಅನ್ನುತ್ತಾರೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕನ್ನಡದಲ್ಲಿ 'ಕೇಡಿನಿಂದ' ಬಿಡಿಸು ಅನ್ನುತ್ತೇವಲ್ಲ, ಗ್ರೀಕ್ ಮೂಲವನ್ನು 'ಕೆಡುಕನಿಂದ' ಅಂತಲೂ ಓದಬಹುದು. ಕಥೋಲಿಕರಿಗೆ ಅವನು ಬರೀ ಉಪಮೆಯಲ್ಲ, ನಿಜ. ಆದರೂ ನಾವು ನಂಬುವುದನ್ನು ಸಾರುವ ವಿಶ್ವಾಸ ಪ್ರಮಾಣದಲ್ಲಿ 'ದೇವರನ್ನು ವಿಶ್ವಾಸಿಸುತ್ತೇನೆ' ಅನ್ನುತ್ತೇವೆಯೇ ಹೊರತು ಸೈತಾನನ ಹೆಸರೇ ಅಲ್ಲಿಲ್ಲ. ಅವನ ಹೆಸರು ಬರುವುದು ದೀಕ್ಷಾಸ್ನಾನದಲ್ಲಿ (ಬ್ಯಾಪ್ಟಿಸಂನಲ್ಲಿ). 'ಸೈತಾನನನ್ನು ತ್ಯಜಿಸುತ್ತೀರಾ?' 'ತ್ಯಜಿಸುತ್ತೇವೆ.' ನಾಲ್ಕನೇ ಶತಮಾನದ ಜೆರುಸಲೇಮಿನಲ್ಲಿ ಇದನ್ನು ಹೇಳುವಾಗ ಸೂರ್ಯ ಮುಳುಗುವ ಪಶ್ಚಿಮಕ್ಕೆ ಮುಖ ಮಾಡಿ, ಕೈ ಚಾಚಿ, ಅವನು ಎದುರಿಗೇ ಇದ್ದಾನೆ ಅನ್ನುವಂತೆ ಹೇಳಿಸುತ್ತಿದ್ದರು. ಈಗ ವರ್ಷಕ್ಕೊಮ್ಮೆ ಪಾಸ್ಕ ಹಬ್ಬದಲ್ಲಿ ಎಲ್ಲರೂ ಮತ್ತೆ ಹೇಳುತ್ತೇವೆ. ಜಾಗರಣೆಯ ರಾತ್ರಿ ಕೈಯಲ್ಲಿ ಹಿಡಿದ ಬತ್ತಿಯ ಮೇಣ ಬೆರಳಿಗೆ ಬೀಳುತ್ತಿರುತ್ತದೆ.

ಅವನಿಗೆ ಕ್ಷಮೆಯೇ ಇಲ್ವಾ?

ಚರ್ಚಿನ ಉತ್ತರ: ದೇವರ ಕರುಣೆ ಕಡಿಮೆಯಾಗಿ ಅಲ್ಲ, ಅವನ ಆಯ್ಕೆ ತಿರುಗಿಸಲಾಗದ್ದು, ಅದಕ್ಕೆ. ಕೊನೆಗೆ ಎಲ್ಲರೂ, ದೆವ್ವಗಳೂ, ದೇವರ ಕಡೆ ಮರಳುತ್ತಾರೆ ಅನ್ನುವ ಯೋಚನೆ ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಗನ್ ಹೆಸರಿಗೆ ಅಂಟಿಕೊಂಡು, ಆರನೇ ಶತಮಾನದಲ್ಲಿ ಚರ್ಚ್ ಅದನ್ನು ತಳ್ಳಿಹಾಕಿತು. ಇದನ್ನು ತರಗತಿಯಲ್ಲಿ ಹೇಳಿದಾಗ ಮುಂದಿನ ಬೆಂಚಿನ ಒಬ್ಬ ಚಿಕ್ಕ ಹುಡುಗ 'ಸಾರ್, ಅವನು ಸಾರಿ ಕೇಳಿದ್ರೆ?' ಅಂದ. ಕೇಳಲ್ಲ ಕಣೋ, ಅದೇ ಅವನ ಸಮಸ್ಯೆ ಅಂದೆ. ಹುಡುಗನಿಗೆ ಸಮಾಧಾನವಾಗಲಿಲ್ಲ. ನನಗೂ ಪೂರ್ತಿ ಆಗಿಲ್ಲ.

ಇನ್ನೂ ಪ್ರಶ್ನೆ ಇದೆ. ನೇರ ಫಾದರ್ ಹತ್ತಿರವೇ ಕೇಳಬಹುದಾ?

ಕೇಳಿ, ಕ್ರೈಸ್ತರೇ ಆಗಿರಬೇಕು ಅಂತಿಲ್ಲ. ಭಾನುವಾರ ಪೂಜೆ ಮುಗಿದ ಕೂಡಲೇ ಮಾತ್ರ ಬೇಡ. ಆಗ ಅವರದಿನ್ನೂ ತಿಂಡಿ ಆಗಿರಲ್ಲ.